ಗಡಿಗೆ ಇದೆ, ಗಿರಾಕಿ ಎಲ್ಲಿ?

ಮಣ್ಣೆತ್ತಿನ ಅಮಾವಾಸ್ಯೆ ಹೊತ್ತಿಗೆ ನಮ್ಮೂರ ಕುಂಬಾರ ಓಣಿಯ ಬಗ್ಗೆ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಓಣಿಯಲ್ಲಿ ಈಗ ತಿರುಗುತ್ತಿರುವುದು ಎರಡೇ ತಿಗರಿ (ಮಡಕೆ ಮಾಡುವ ಚಕ್ರ) ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಅಂಕಣ ಪೂರ್ತಿ ಮಡಕೆಯದೇ ಮಾತು. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ. ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ.

ಅಪ್ಪನಿಗೆ 62 ವರ್ಷ. 40 ವರ್ಷದಿಂದ ತಿಗರಿ ಮುಂದೆ ಕೂತಿದ್ದಾರೆ. ಸಂತೆಯಲ್ಲಿ ನೀರಿನ ಗಡಿಗೆ 120 ರೂಪಾಯಿಗೆ ಹೋಗುತ್ತೆ, ಮಳೆಗಾಲ ಬಂದರೆ ಅದೂ ಇಲ್ಲ. ಅಂಥದ್ದೇ ಗಡಿಗೆಯನ್ನು ಬೆಂಗಳೂರಿನ ಅಂಗಡಿಯೊಂದರಲ್ಲಿ 600ಕ್ಕೆ ಇಟ್ಟಿದ್ದನ್ನು ಕಣ್ಣಾರೆ ನೋಡಿದೆ. ನಾನು ಬಿಕಾಂ ಓದಿದ್ದೇನೆ. ಆನ್‌ಲೈನ್‌ನಲ್ಲಿ ಹಾಕಿ ಮಾರಿದರೆ ಹೇಗೆ? (ಹಾವೇರಿ ಜಿಲ್ಲೆಯಿಂದ)

ಮಾರು, ಬೇಡ ಅನ್ನಲ್ಲ. ಆದರೆ ನೀರಿನ ಗಡಿಗೆ ಮಾತ್ರ ಹಾಕಬೇಡಪ್ಪ. ಯಾಕೆ ಅಂತ ಒಂದು ಲೆಕ್ಕ ನೋಡು. ಗಡಿಗೆಯ ಸುತ್ತ ಹುಲ್ಲು, ರದ್ದಿ ಕಾಗದ ತುರುಕಿ ಡಬ್ಬಕ್ಕೆ ಹಾಕಿದರೆ ಆ ಡಬ್ಬ ಉದ್ದ, ಅಗಲ, ಎತ್ತರ ಮೂರೂ ಕಡೆ 40 ಸೆಂಟಿಮೀಟರ್ ಆದರೂ ಆಗುತ್ತೆ. ಕೊರಿಯರ್‌ನವರು ಬರೀ ತಕ್ಕಡಿ ನೋಡುವುದಿಲ್ಲ. ಮೂರೂ ಅಳತೆ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಅಂತ ಹಿಡಿಯುತ್ತಾರೆ. ನಿನ್ನ ಗಡಿಗೆ ತೂಗುವುದು 3 ಕಿಲೋ, ಬಾಡಿಗೆ ಕಟ್ಟುವುದು ಸುಮಾರು 13 ಕಿಲೋಗೆ. ದುಡ್ಡು ಕೊಟ್ಟು ಗಾಳಿ ಕಳಿಸಿದ ಹಾಗೆ. ಅದರ ಮೇಲೆ ಒಡೆಯುವ ಭಯ ಬೇರೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅಂತಾರಲ್ಲ, ಈಗ ಆ ದೊಣ್ಣೆಯ ಕೆಲಸವನ್ನು ಕೊರಿಯರ್ ಗಾಡಿ ಮಾಡುತ್ತೆ.

ಹಾಗಾದರೆ ದೂರಕ್ಕೆ ಏನು ಕಳಿಸಬೇಕು? ಚಿಕ್ಕದು, ಒಂದರೊಳಗೊಂದು ಕೂರುವಂಥದ್ದು, ಬೇರೆ ಕಡೆ ಸಿಗದೇ ಇರುವಂಥದ್ದು. ನಿಮ್ಮ ಕಡೆಯ ಮಣ್ಣೆತ್ತನ್ನೇ ತಗೋ. ಗುಳ್ಳವ್ವ ಇದ್ದಾಳೆ, ಜೋಕುಮಾರ ಇದ್ದಾನೆ, ಅವೂ ಪೂಜೆಯ ಮಣ್ಣಿನ ಗೊಂಬೆಗಳೇ. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ, ಪುಣೆಗೆ ಹೋಗಿ ನೆಲೆಸಿದವರು ಎಷ್ಟು ಜನ! ಜ್ಯೇಷ್ಠದ ಅಮಾವಾಸ್ಯೆ ದಿನ ಪೂಜೆಗೆ ಜೋಡಿ ಎತ್ತು ಸಿಗದೆ ಮಕ್ಕಳ ಜೇಡಿಮಣ್ಣಿನ ಆಟದ ಡಬ್ಬಿ ತಂದು, ಅದರಲ್ಲಿ ಏನೋ ಒಂದು ನಾಲ್ಕು ಕಾಲಿನ ಪ್ರಾಣಿ ಮಾಡಿಟ್ಟವರು ನನಗೇ ಗೊತ್ತು. ಅಂಗೈಯಗಲದ ಎತ್ತು ಡಬ್ಬದಲ್ಲಿ ಜಾಗ ಹಿಡಿಯಲ್ಲ. ಕಾಲು ಸ್ವಲ್ಪ ದಪ್ಪ ಇರಲಿ, ಕೋಡು ಗಿಡ್ಡ ಇರಲಿ, ಎತ್ತಿನ ಹೊಟ್ಟೆ ಕೆಳಗೂ ಹುಲ್ಲು ತುಂಬಿ. ಹಬ್ಬಕ್ಕೆ ಒಂದು ತಿಂಗಳು ಮೊದಲೇ ವಾಟ್ಸಾಪ್‌ನಲ್ಲಿ ಹೆಸರು ಬರೆಸಿಕೊ, ದುಡ್ಡು ಮುಂಗಡ ತಗೋ. ಇದಕ್ಕೆ ದೊಡ್ಡ ಆನ್‌ಲೈನ್ ಅಂಗಡಿಯೇ ಬೇಕಿಲ್ಲ. ಮೊದಲ ಸಲ ಕಳಿಸುವ ಮುಂಚೆ ಕಟ್ಟಿದ ಡಬ್ಬವನ್ನು ಸೊಂಟದೆತ್ತರದಿಂದ ನೀನೇ ಮೂರು ಸಲ ಬೀಳಿಸಿ ನೋಡು. ಒಡೆಯುವುದಾದರೆ ನಿನ್ನ ಮನೆಯಲ್ಲೇ ಒಡೆಯಲಿ.

ದೊಡ್ಡ ಗಡಿಗೆಯನ್ನು ಹತ್ತಿರದಲ್ಲೇ ಮಾರು. ಹುಬ್ಬಳ್ಳಿ, ದಾವಣಗೆರೆ ಎರಡೂ ನಿನಗೆ ದೂರ ಅಲ್ಲ. ಟಂಟಂ ಗಾಡಿಯಲ್ಲಿ ಹುಲ್ಲು ಹಾಸಿ ಒಯ್ದರೆ ಆಯ್ತು. ನಿಜ ಹೇಳಬೇಕು ಅಂದರೆ ನನಗೆ ಜಾಸ್ತಿ ನಂಬಿಕೆ ಇರುವುದು ಮೊಸರು ಮಾರುವವರ ಮೇಲೆ. ವಾರಕ್ಕೆ 300 ಕುಡಿಕೆ ತಗೊಳ್ಳುವ ಒಬ್ಬ ಮೊಸರಿನವ, ಒಂದೊಂದು ಗಡಿಗೆ ಕೊಳ್ಳುವ 300 ಆನ್‌ಲೈನ್ ಗಿರಾಕಿಗಳಿಗಿಂತ ಮೇಲು. ಅವನು ಮಳೆಗಾಲದಲ್ಲೂ ಬರುತ್ತಾನೆ. ಕುಡಿಕೆಯಲ್ಲಿ ಚಹಾ ಕೊಡುವವರು, ಮಡಕೆ ಬಿರಿಯಾನಿಯವರು, ನರ್ಸರಿಯವರು, ಎಲ್ಲರೂ ಇದೇ ಥರದ ಗಿರಾಕಿಗಳು. ರೈಲು ನಿಲ್ದಾಣ ಹತ್ತಿರ ಇದ್ದರೆ 2022ರಿಂದ ನಡೆಯುತ್ತಿರುವ "ಒಂದು ನಿಲ್ದಾಣ ಒಂದು ಉತ್ಪನ್ನ" ಮಳಿಗೆ ಸಿಗುತ್ತಾ ಅಂತ ಸ್ಟೇಷನ್ ಮಾಸ್ತರರನ್ನು ಕೇಳು.

ಆದರೆ ಈ ಗಿರಾಕಿಗಳದ್ದು ಒಂದು ಹಟ ಇದೆ. ಎಲ್ಲ ಕುಡಿಕೆಯೂ ಒಂದೇ ಅಳತೆ ಇರಬೇಕು. ಅಪ್ಪ "ನನ್ನ ಕೈಯೇ ಅಳತೆ" ಅಂತಾರೆ, ಗೊತ್ತು. ಅವರ ಕೈ ಸುಳ್ಳು ಹೇಳಲ್ಲ, ಆದರೆ ಬೆಳಗಿನ ಕೈಗೂ ಸಂಜೆಯ ಕೈಗೂ ವ್ಯತ್ಯಾಸ ಇರುತ್ತೆ. ಅವರಿಗೆ ಹೇಳಿಕೊಡಲು ಹೋಗಬೇಡ. ನೀನು ಸುಮ್ನೆ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಒಂದೇ ತೂಕದ ಮಣ್ಣಿನ ಉಂಡೆ ಮಾಡಿ ಮಾಡಿ ಕೊಡು. ಬಾಯಿ ಎಷ್ಟಗಲ, ಎತ್ತರ ಎಷ್ಟು ಅಂತ ಒಂದು ಬಿದಿರು ಕಡ್ಡಿಗೆ ಗುರುತು ಹಾಕಿ ಇಡು. ಒಣಗಿ ಸುಟ್ಟ ಮೇಲೆ ಮಣ್ಣು ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತೆ ಅನ್ನೋದು ಗುರುತು ಹಾಕುವಾಗ ನೆನಪಿರಲಿ. ನಿಮ್ಮ ಮಣ್ಣು ಎಷ್ಟು ಕುಗ್ಗುತ್ತೆ ಅಂತ ಹಸಿ ಬಿಲ್ಲೆ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಸುಟ್ಟ ಮೇಲೆ ಅಳೆದರೆ ಗೊತ್ತಾಗುತ್ತೆ.

ಇನ್ನು 120 ಮತ್ತು 600ರ ಮಾತು. ಅಂಗಡಿಯವನಿಗೆ ಬಾಡಿಗೆ ಇದೆ, ಒಡೆದದ್ದರ ನಷ್ಟ ಇದೆ, ಒಪ್ಪೋಣ. ಆದರೂ ಐದು ಪಟ್ಟು ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ? ಅದಕ್ಕಿಂತ ನನಗೆ ಕಾಡಿದ್ದು ನಿನ್ನ 120. ಅದು ಎಲ್ಲಿಂದ ಬಂತು? ಮಣ್ಣು ತಂದ ಟ್ರ್ಯಾಕ್ಟರ್ ಬಾಡಿಗೆ, ಆವಿಗೆಗೆ (ಮಡಕೆ ಸುಡುವ ಗೂಡಿಗೆ) ಹಾಕಿದ ಸೌದೆ, ಆವಿಗೆಯಲ್ಲೇ ಒಡೆದು ಹೋದದ್ದು, ಅಪ್ಪನ ದಿನಗೂಲಿ, ಇಷ್ಟನ್ನೂ ಬರೆದಿದ್ದೀಯಾ? ಮಣ್ಣು ತುಳಿದು ಹದ ಮಾಡಿದ, ಕೆಮ್ಮಣ್ಣು ಬಳಿದ, ಸಂತೆಗೆ ಹೊತ್ತ ಅಮ್ಮನ ಕೂಲಿ? ನೀನು ಬಿಕಾಂ ಓದಿದವ. ಒಂದು ಆವಿಗೆಯ ಲೆಕ್ಕ ಪೂರ್ತಿ ಬರೆದು ನೋಡು, ಆಮೇಲೆ ಬೆಲೆ ಹೇಳು. ಅಂದ ಹಾಗೆ, ಮಣ್ಣಿನ ಮಡಕೆಗೂ ಹಣತೆಗೂ ಜಿಎಸ್‌ಟಿ ಇಲ್ಲ. ಹೋಟೆಲಿನವರು ಜಿಎಸ್‌ಟಿ ನೆಪ ಹೇಳಿ ಬೆಲೆ ಇಳಿಸಲು ನೋಡಿದರೆ ಬಿಡಬೇಡ.

ನಾವು ಸಂಘದ ಎಂಟು ಹೆಂಗಸರು ಮಣ್ಣಿನ ಅಡುಗೆ ಪಾತ್ರೆ ಮಾರುತ್ತೇವೆ. ಮೀನು ಸಾರಿನ ಬಿಸಲೆ, ದೋಸೆ ಓಡು. ಪೇಟೆಯವರು ಖುಷಿಯಿಂದ ಒಯ್ಯುತ್ತಾರೆ, ಎರಡು ದಿನಕ್ಕೆ "ಒಡೆಯಿತು, ಸೋರುತ್ತೆ" ಅಂತ ವಾಪಸ್ ತರುತ್ತಾರೆ. ಏನು ಮಾಡುವುದು? (ಬಂಟ್ವಾಳ ತಾಲ್ಲೂಕು)

ಅರ್ಧ ತಪ್ಪು ಅವರದು, ಅರ್ಧ ನಿಮ್ಮದು ಇರಬಹುದು, ಕೋಪ ಮಾಡ್ಕೋಬೇಡಿ.

ಅವರ ಕಡೆಯದು ಮೊದಲು. ಅಜ್ಜಿಯ ಕಾಲದಲ್ಲಿ ಹೊಸ ಮಡಕೆಯನ್ನು ಪಳಗಿಸುವುದು ಎಲ್ಲರಿಗೂ ಗೊತ್ತಿತ್ತು. ಈಗಿನವರು ಕುಕ್ಕರ್ ಇಟ್ಟ ಹಾಗೆ ಇಡುತ್ತಾರೆ. ನೀವು ಮಡಕೆ ಜೊತೆ ಒಂದು ಚೀಟಿ ಕೊಡಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೇ. ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿಡಿ, ನೆರಳಲ್ಲಿ ಒಣಗಿಸಿ, ಅಕ್ಕಿ ತೊಳೆದ ನೀರು ಇಲ್ಲವೇ ಗಂಜಿ ತಿಳಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ ಹಾಗೇ ಆರಲು ಬಿಡಿ, ಎರಡು ಮೂರು ದಿನ ಹೀಗೆ ಮಾಡಿ. ಗಂಜಿಯ ಪಿಷ್ಟ ಮಣ್ಣಿನ ಸಣ್ಣ ಸಣ್ಣ ರಂಧ್ರಕ್ಕೆ ಇಳಿದು ಕೂರುತ್ತೆ, ಸೋರುವುದು ನಿಲ್ಲುತ್ತೆ. ಖಾಲಿ ಮಡಕೆ ಒಲೆ ಮೇಲೆ ಇಡಬೇಡಿ. ಉರಿ ಮೆಲ್ಲಗೆ ಏರಿಸಿ. ಸೋಪಿನ ಪುಡಿ ಬೇಡ, ತೆಂಗಿನ ನಾರು, ಬಿಸಿನೀರು ಸಾಕು. ಸೋಪನ್ನು ಮಣ್ಣು ಕುಡಿಯುತ್ತೆ, ನಾಳೆ ಸಾರಿನಲ್ಲಿ ಬಿಡುತ್ತೆ. ಕಾದ ಮಡಕೆಗೆ ತಣ್ಣೀರು ಹಾಕಬಾರದು ಅನ್ನೋದನ್ನೂ ಸೇರಿಸಿ. ಇದು ನನಗೆ ಗೊತ್ತಿದ್ದೂ ಒಮ್ಮೆ ಸಾರು ಗಟ್ಟಿಯಾಯ್ತು ಅಂತ ಒಂದು ಲೋಟ ತಣ್ಣೀರು ಸುರಿದೆ. ಟಪ್ ಅಂತ ಶಬ್ದ ಬಂತು. ಆ ದಿನದ ಬಂಗುಡೆ ಸಾರು ಪೂರ್ತಿ ಗ್ಯಾಸ್ ಒಲೆಗೇ ಹೋಯಿತು, ಬರ್ನರ್ ಬಿಚ್ಚಿ ತೊಳೆಯುವಷ್ಟರಲ್ಲಿ ಸಂಜೆ.

ಈಗ ನಿಮ್ಮ ಕಡೆಯದು. ಮಾರುವ ಮುಂಚೆ ಪ್ರತಿ ಮಡಕೆಯನ್ನೂ ಬೆರಳ ಗಂಟಿನಿಂದ ತಟ್ಟಿ ನೋಡುತ್ತೀರಾ? ಟಣ್ ಅಂದರೆ ಸರಿ. ಡಬ್ ಅಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಇದೆ, ಇಲ್ಲಾಂದರೆ ಬೆಂದಿಲ್ಲ. ಅದನ್ನು ಹೂವಿನ ಕುಂಡ ಮಾಡಿ, ಅಡುಗೆಗೆ ಕೊಡಬೇಡಿ. ಇನ್ನೊಂದು, ಕೆಲವು ಮಡಕೆಯಲ್ಲಿ ಒಂದು ವಾರದ ಮೇಲೆ ಚಕ್ಕೆ ಎದ್ದು ಒಳಗೆ ಬಿಳಿ ಚುಕ್ಕೆ ಕಾಣುತ್ತೆ ನೋಡಿ, ಅದು ಸುಣ್ಣದ ಕಲ್ಲು. ಬೆಂಕಿಯಲ್ಲಿ ಸುಟ್ಟ ಸುಣ್ಣ ಗಾಳಿಯ ತೇವ ಕುಡಿದು ಉಬ್ಬುತ್ತೆ, ಮಣ್ಣನ್ನು ಒಳಗಿಂದ ಒಡೆಯುತ್ತೆ. ಮಣ್ಣನ್ನು ನೀರಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸಿದರೆ ಈ ತೊಂದರೆ ಬಹುಪಾಲು ಹೋಗುತ್ತೆ. ಹಾಗೇ ತಳ ಮತ್ತು ಬದಿ ಒಂದೇ ದಪ್ಪ ಇರಲಿ. ತಳ ದಪ್ಪ, ಬದಿ ತೆಳು ಇದ್ದರೆ ಎರಡೂ ಒಂದೇ ಸಮ ಕಾಯುವುದಿಲ್ಲ, ಸೇರುವ ಜಾಗದಲ್ಲಿ ಸೀಳುತ್ತೆ. ಗ್ಯಾಸ್ ಒಲೆ ಬಂದ ಮೇಲೆ ಇದು ಜಾಸ್ತಿ. ಸೌದೆ ಒಲೆಯ ಉರಿ ಮಡಕೆಯ ಸುತ್ತ ಹರಡುತ್ತೆ, ಗ್ಯಾಸಿನ ಉರಿ ಒಂದೇ ಕಡೆ ತಾಗುತ್ತೆ.

ಒಂದು ಸಲ ಬದಲಿ ಮಡಕೆ ಕೊಟ್ಟುಬಿಡಿ. ಬದಲಿ ಕೊಟ್ಟವರನ್ನು ಗಿರಾಕಿ ಮರೆಯಲ್ಲ.

ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದೇನೆ. ತುಮಕೂರು ಜಿಲ್ಲೆಯ ನಮ್ಮ ಊರಲ್ಲಿ ಆರು ಕುಂಬಾರ ಮನೆಗಳಿವೆ. ಗೆಳೆಯರೆಲ್ಲ ಸೇರಿ ಎಲ್ಲರಿಗೂ ಕರೆಂಟಿನ ಚಕ್ರ ಕೊಡಿಸಿ, ಬ್ರ್ಯಾಂಡ್ ಮಾಡೋಣ ಅಂತಿದ್ದೇವೆ. ಸಲಹೆ ಕೊಡಿ.

ಅವರನ್ನು ಕೇಳಿದಿರಾ? ಪತ್ರದಲ್ಲಿ ಬ್ರ್ಯಾಂಡ್ ಹೆಸರು ಮೂರು ಥರ ಬರೆದಿದ್ದೀರಿ, ಲೋಗೋ ಬಣ್ಣವೂ ಇದೆ. ಅವರು ಏನಂದರು ಅನ್ನೋದು ಒಂದು ಸಾಲೂ ಇಲ್ಲ.

ಕರೆಂಟಿನ ಚಕ್ರ ಒಳ್ಳೆಯದೇ. ಕೋಲಿನಿಂದ ತಿರುಗಿಸಿ ತಿರುಗಿಸಿ ಭುಜ ಹೋಗುವುದು ತಪ್ಪುತ್ತೆ. ಆದರೆ ಆರು ಮನೆಗೆ ಆರು ಚಕ್ರ ಕೊಟ್ಟರೆ ಗಡಿಗೆ ಎರಡು ಪಟ್ಟು ಆಗುತ್ತೆ, ಗಿರಾಕಿ ಅಷ್ಟೇ ಇರುತ್ತಾರೆ. ಒಬ್ಬರ ಮೇಲೊಬ್ಬರು ಬೆಲೆ ಇಳಿಸುತ್ತಾರೆ. ಒಂದು ಚಕ್ರ ಮೊದಲು, ಬೇಕು ಅಂದವರಿಗೆ. ಕೊಡುವ ಮುಂಚೆ ಹಗಲು ಹೊತ್ತು ಊರಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತೆ ನೋಡಿ. ನಿಮ್ಮ ಆರು ಮನೆಯವರು ಚಕ್ರಕ್ಕಿಂತ ಮಳೆಗಾಲದಲ್ಲಿ ಹಸಿ ಮಡಕೆ ಒಣಗಿಸಲು ಒಂದು ತಗಡಿನ ಚಪ್ಪರ ಬೇಕು ಅಂದರೂ ಅನ್ನಬಹುದು.

ನಾನೇ ಮಾಡಿದ ಒಂದು ಪೆದ್ದುತನ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮನೆಯ ಸಮಾರಂಭಕ್ಕೆ ಪಾಯಸ ಕೊಡಲು 200 ಕುಡಿಕೆ ಬೇಕು ಅಂತ ಓಣಿಯ ಅಜ್ಜನಿಗೆ ಫೋನಿನಲ್ಲಿ ಹೇಳಿದೆ. ಅಳತೆ ಹೇಳಲಿಲ್ಲ, ಮಾದರಿ ನೋಡಲಿಲ್ಲ, ಎಂಟೇ ದಿನ ಕೊಟ್ಟೆ, ಅದೂ ಜುಲೈ ತಿಂಗಳಲ್ಲಿ. ಬಂದದ್ದು ಒಂದೊಂದು ಒಂದೊಂದು ಥರ, ಅರ್ಧಕ್ಕೆ ಸರಿಯಾಗಿ ಬೆಂದ ಬಣ್ಣವೇ ಇಲ್ಲ. ನಾನು ಮುಖ ಸಿಂಡರಿಸಿದೆ. ಅಜ್ಜ ಏನೂ ಅನ್ನದೆ ಒಂದು ಕುಡಿಕೆ ಎತ್ತಿ ನನ್ನ ಕೈಯಲ್ಲಿಟ್ಟು "ಒಣಗೂಕ ಬಿಸಿಲು ನೀವೇ ಕಳಿಸಬೇಕಿತ್ರಿ" ಅಂದ. ತೆಳ್ಳಗಿನ ಕುಡಿಕೆಯೇ ಒಣಗಲು ದಿನಗಟ್ಟಲೆ ಬೇಕು, ಹಸಿ ಇರುವಾಗ ಆವಿಗೆಗೆ ಇಟ್ಟರೆ ಒಳಗಿನ ನೀರು ಆವಿಯಾಗಿ ಪಾತ್ರೆ ಸಿಡಿಯುತ್ತೆ. ಅದು ನನಗೆ ಆಗ ತಲೆಗೇ ಹೋಗಿರಲಿಲ್ಲ.

ಅದಕ್ಕೆ ಹೇಳೋದು, ದಾನಕ್ಕಿಂತ ಆರ್ಡರ್ ಕೊಡಿ. ನಿಮ್ಮ ಆಫೀಸಿನಲ್ಲಿ ದೀಪಾವಳಿಗೆ ಉಡುಗೊರೆ ಕೊಡುತ್ತಾರಲ್ಲ, ಹಣತೆಯ ಆರ್ಡರ್ ಬೇಸಿಗೆಯಲ್ಲೇ ಕೊಟ್ಟು ಅರ್ಧ ದುಡ್ಡು ಮುಂಗಡ ಕೊಡಿಸಿ. ಏಪ್ರಿಲ್ ಬಿಸಿಲಲ್ಲಿ ಮಾಡಿದ ಹಣತೆ ಅಕ್ಟೋಬರ್‌ಗೂ ಹಾಗೇ ಇರುತ್ತೆ. ಮಾದರಿ ಒಪ್ಪಿದ ಮೇಲೆ ಒಂದನ್ನು ನೀವು ಇಟ್ಟುಕೊಳ್ಳಿ, ಒಂದನ್ನು ಅವರ ಮನೆಯಲ್ಲಿಡಿ. ಬ್ರ್ಯಾಂಡ್ ಆಮೇಲೆ ನೋಡೋಣ.

ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರರಿಗೆ ದುಡ್ಡು ಬರುತ್ತಂತೆ. ಅರ್ಜಿ ಹಾಕಿಸಿಕೊಡಲು ಒಬ್ಬರು 2000 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದಾ? (ವಿಜಯಪುರ ಜಿಲ್ಲೆ)

ಒಂದು ರೂಪಾಯಿಯೂ ಕೊಡಬೇಡಿ. ನೋಂದಣಿ ಉಚಿತ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಮೊದಲ ಪರಿಶೀಲನೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲೇ ಆಗುತ್ತೆ.

ಇದು 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಸುಮ್ನೆ ಖಾತೆಗೆ ದುಡ್ಡು ಬೀಳುತ್ತೆ ಅಂತ ತಿಳಿಯಬೇಡಿ. ಮೊದಲು 5ರಿಂದ 7 ದಿನದ ತರಬೇತಿ, ಆಗ ದಿನಕ್ಕೆ 500 ರೂಪಾಯಿ ಭತ್ಯೆ. ಸಲಕರಣೆಗೆ 15,000 ರೂಪಾಯಿವರೆಗೆ ವೋಚರ್. ಆಮೇಲೆ ಬೇಕಿದ್ದರೆ ಅಡಮಾನ ಇಲ್ಲದೆ 1 ಲಕ್ಷ ಸಾಲ, ಬಡ್ಡಿ ನೂರಕ್ಕೆ 5, ತೀರಿಸಲು 18 ತಿಂಗಳು. ಅದನ್ನು ಸರಿಯಾಗಿ ಕಟ್ಟಿದರೆ ಮುಂದೆ 2 ಲಕ್ಷದವರೆಗೆ. ಒಂದು ಕುಟುಂಬಕ್ಕೆ ಒಬ್ಬರೇ. ಮನೆಯಲ್ಲಿ ಸರ್ಕಾರಿ ನೌಕರರು ಇದ್ದರೆ ಸಿಗಲ್ಲ. ಸಾಲದ ಬಗ್ಗೆ ನನ್ನ ಮಾತು ಇಷ್ಟೇ: ಖಾಯಂ ಗಿರಾಕಿ ಒಬ್ಬರಾದರೂ ಇಲ್ಲದೆ ತಗೊಳ್ಳಬೇಡಿ.

ತರಬೇತಿ ಇನ್ನೂ ಬೇಕು ಅನಿಸಿದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಖಾನಾಪುರದ ಮಣ್ಣು ಹೆಸರುವಾಸಿ, ಹೋದರೆ ಸುತ್ತಲಿನ ಹಂಚಿನ ಕಾರ್ಖಾನೆಗಳನ್ನೂ ನೋಡಿ ಬನ್ನಿ.

ಅಜ್ಜನ ಕಾಲದಿಂದ ಕೆರೆಯ ಮಣ್ಣು ತರುತ್ತಿದ್ದೆವು. ಈಗ ತಡೆಯುತ್ತಾರೆ, ಪರಿಸರ ಅನುಮತಿ ಬೇಕಂತೆ. ಅದೇ ಕೆರೆಗೆ ಇಟ್ಟಿಗೆಯವರ ಜೆಸಿಬಿ ರಾತ್ರಿ ಬರುತ್ತೆ. ಇದೆಂಥ ನ್ಯಾಯ?

ನ್ಯಾಯ ಅಲ್ಲ. ಕೇಂದ್ರ ಪರಿಸರ ಸಚಿವಾಲಯದ 2016ರ ಜನವರಿಯ ಅಧಿಸೂಚನೆಯಲ್ಲಿ ಪರಿಸರ ಅನುಮತಿ ಬೇಡದ ಕೆಲಸಗಳ ಪಟ್ಟಿ ಇದೆ. ಕುಂಬಾರರು ರೂಢಿಯಂತೆ ಮಡಕೆ, ಹಣತೆ, ಗೊಂಬೆ ಮಾಡಲು ಕೈಯಿಂದ ಮಣ್ಣು ತೆಗೆಯುವುದು ಅದರಲ್ಲಿ ಸೇರಿದೆ. "ಕೈಯಿಂದ" ಅನ್ನುವ ಮಾತು ಗಮನಿಸಿ. ಸಲಿಕೆ, ಬುಟ್ಟಿ ಸರಿ, ಜೆಸಿಬಿ ಅಲ್ಲ. ಅದರ ಪ್ರತಿ ತೆಗೆದು, ಓಣಿಯ ಎಲ್ಲರೂ ಸಹಿ ಮಾಡಿ, ಯಾವ ಮೂಲೆಯಿಂದ, ಯಾವ ತಿಂಗಳಲ್ಲಿ, ಎಷ್ಟು ಗಾಡಿ ಅಂತ ಬರೆದು ಪಂಚಾಯಿತಿಗೆ ಕೊಡಿ, ಸ್ವೀಕೃತಿ ತಗೊಳ್ಳಿ. ಕೆರೆ ಪಂಚಾಯಿತಿಯದೋ ಬೇರೆ ಇಲಾಖೆಯದೋ ಅಂತಲೂ ಕೇಳಿ, ಅವರ ಒಪ್ಪಿಗೆ ಬೇರೆ ಬೇಕಾಗುತ್ತೆ. ಹೂಳೆತ್ತುವ ಕೆಲಸ ಬಂದಾಗ ಜೇಡಿ ಪದರದ ನಾಲ್ಕು ಟ್ರ್ಯಾಕ್ಟರ್ ಮಣ್ಣು ನಮಗೆ ಹಾಕಿ ಅಂತ ಮೊದಲೇ ಗ್ರಾಮಸಭೆಯಲ್ಲಿ ಹೇಳಿಸಿಡಿ. ಮಣ್ಣು ಕೂಡಿಟ್ಟರೆ ಕೆಡಲ್ಲ. ನೆನೆಸಿಟ್ಟ ಹಳೇ ಮಣ್ಣು ಹೊಸದಕ್ಕಿಂತ ಚೆನ್ನಾಗಿ ಎಳೆದ ಹಾಗೆ ಬರುತ್ತೆ ಅಂತ ನಿಮಗೇ ಗೊತ್ತು.

ಮಡಕೆಗೆ ಪಿಂಗಾಣಿ ಹಾಗೆ ಹೊಳಪು ಬಳಿದರೆ ಬೆಲೆ ಜಾಸ್ತಿ ಸಿಗುತ್ತಂತೆ. ಬಳಿಯಬಹುದಾ?

ಅಡುಗೆ ಪಾತ್ರೆಗೆ ಬೇಡ. ಊರಿನ ಸೌದೆ ಆವಿಗೆಯ ಬಿಸಿ ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಒಳ್ಳೆಯ ಹೊಳಪಿನ ಲೇಪ ಕರಗಿ ಗಾಜಾಗಿ ಕೂರಲು ಅದಕ್ಕಿಂತ ಜಾಸ್ತಿ ಬಿಸಿ ಬೇಕು. ಕಡಿಮೆ ಬಿಸಿಗೇ ಕರಗುವ ಅಗ್ಗದ ಲೇಪಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ, ಹುಣಸೆ ಹುಳಿ ತಾಗಿದರೆ ಸಾರಿಗೆ ಇಳಿಯುತ್ತೆ. ವಾರ್ನಿಷ್ ಬಳಿದು ಹೊಳಪು ತೋರಿಸುವವರೂ ಇದ್ದಾರೆ, ಅದು ನೀರಿನ ಹೂಜಿಗೂ ಬೇಡ. ಹೂಜಿಯ ನೀರು ತಣ್ಣಗಾಗುವುದೇ ಮೈಯಿಂದ ಒಸರಿ ಆವಿಯಾಗುವುದರಿಂದ. ರಂಧ್ರ ಮುಚ್ಚಿದರೆ ಅದು ಬರೀ ಭಾರದ ಪಾತ್ರೆ. ಹೊಳಪು ಬೇಕೇ ಬೇಕು ಅಂದರೆ ಕೆಮ್ಮಣ್ಣು ಬಳಿದು, ಅರೆ ಒಣಗಿದಾಗ ನುಣುಪು ಕಲ್ಲಿನಿಂದ ಉಜ್ಜಿ. ಕಷ್ಟ ಇದೆ, ಆದರೆ ಆ ಹೊಳಪಿಗೇ ಈಗ ಪೇಟೆಯಲ್ಲಿ ಬೆಲೆ.

ನನಗೆ 19. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಮಣ್ಣು ತುಳಿಯಬಹುದು, ಬಣ್ಣ ಬಳಿಯಬಹುದು, ತಿಗರಿ ಮುಟ್ಟಬಾರದು. ಅಣ್ಣ ಡ್ರೈವರ್ ಕೆಲಸಕ್ಕೆ ಹೋದ. ಅಪ್ಪನ ನಂತರ ಯಾರೂ ಇಲ್ಲ. ನನಗೆ ಕಲಿಯುವ ಆಸೆ.

ಈ ರೂಢಿ ಬಹಳ ಕಡೆ ಇದೆ, ನಿಮ್ಮ ಮನೆಯದೊಂದೇ ಅಲ್ಲ. ಅಪ್ಪನ ಜೊತೆ ಜಗಳಕ್ಕೆ ಇಳಿಯಬೇಡ. ಆ ತಿಗರಿ ಅವರಿಗೆ ಪೂಜೆಯ ವಸ್ತು. ಕರೆಂಟಿನ ಚಕ್ರಕ್ಕೆ ಆ ಕಟ್ಟು ಇಲ್ಲ ಅಂತ ಒಪ್ಪಿಕೊಂಡ ಮನೆಗಳನ್ನು ನೋಡಿದ್ದೇನೆ, ಅಲ್ಲಿ ಈಗ ಸೊಸೆಯಂದಿರೇ ಕೂರುತ್ತಾರೆ. 18 ತುಂಬಿದೆ, ಮೇಲೆ ಹೇಳಿದ ಯೋಜನೆಗೆ ನಿನ್ನ ಹೆಸರಲ್ಲೇ ಅರ್ಜಿ ಹಾಕುವ ಬಗ್ಗೆ ಅಪ್ಪನ ಹತ್ತಿರ ಮಾತಾಡು. ಮನೆಗೆ ಒಬ್ಬರೇ ಅನ್ನುವುದು ನೆನಪಿರಲಿ.

ಮೊದಲ ಕೆಲವು ವಾರ ಮಣ್ಣು ಚಕ್ರದ ನಡುವಿಗೆ ಕೂರುವುದೇ ಇಲ್ಲ, ಓಲಾಡುತ್ತೆ, ಕೈ ತರಚುತ್ತೆ. ಮೊಣಕೈ ತೊಡೆಗೆ ಒತ್ತಿ ಹಿಡಿ, ಉಸಿರು ಬಿಗಿ ಹಿಡಿಯಬೇಡ. ಅರ್ಧ ಕಿಲೋ ಉಂಡೆಯಿಂದ ಶುರು ಮಾಡು. ಅಪ್ಪ ದೂರದಿಂದ ನೋಡುತ್ತಾ ನೋಡುತ್ತಾ ಒಂದು ದಿನ ತಡೆಯಲಾರದೆ "ಹಂಗಲ್ಲ, ಹೆಬ್ಬೆಟ್ಟು ಒಳಗೆ" ಅಂತಾರೆ, ನೋಡುತ್ತಿರು. ನೆಟ್ಟಗೆ ಬಂದ ಮೊದಲ ಕುಡಿಕೆ ಮಾರಬೇಡ, ನನಗೆ ಬೇಕು. ಕೊರಿಯರ್‌ನವರು ಎಷ್ಟೇ ಕಿಲೋ ಅಂತ ಹಿಡಿದರೂ ಬಾಡಿಗೆ ನನ್ನದು.